ವೀಣೆ ಒಡೆದದ್ದು ಹುಡುಗ, ಉತ್ತರ ಕೊಡಬೇಕಾದವರು ಮೇಸ್ತ್ರಿ

ಮನೆ ಕಟ್ಟುವುದು, ರಿಪೇರಿ ಮಾಡಿಸುವುದರ ಬಗ್ಗೆ ಓದುಗರು ಬರೆದ ಪತ್ರಗಳಿಗೆ ಈ ಪುಟದಲ್ಲಿ ಉತ್ತರ ಬರೆಯುತ್ತೇನೆ. ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಮೇಲಿದ್ದವು. ಕೆಲಸಕ್ಕೆ ಬಂದವರ ಕೈಯಿಂದ ಮನೆಯ ವಸ್ತು ಹಾಳಾದರೆ ಏನು ಮಾಡಬೇಕು ಅಂತ. ಮೂವತ್ತೊಂದು ವರ್ಷ ಮೈಸೂರಿನಲ್ಲಿ ನಾನೇ ಕಂಟ್ರಾಕ್ಟರ್ ಆಗಿದ್ದವಳು. ಒಡೆದವರ ಕಡೆಯೂ ನಿಂತಿದ್ದೇನೆ, ಒಡೆಸಿಕೊಂಡವರ ಕಡೆಯೂ ನಿಂತಿದ್ದೇನೆ. ಹಾಗಾಗಿ ಈ ಪುಟವನ್ನೆಲ್ಲ ಇದಕ್ಕೇ ಕೊಡುತ್ತಿದ್ದೇನೆ.

ಪ್ರಶ್ನೆ: ನಮ್ಮದು ಸರಸ್ವತಿಪುರಂನಲ್ಲಿ ಹಳೆಯ ಮನೆ. ಹಾಲಿನ ಒಂದು ಗೋಡೆ ಉಪ್ಪು ಹಿಡಿದು, ಬಣ್ಣವೆಲ್ಲ ಹಕ್ಕಳೆ ಹಕ್ಕಳೆಯಾಗಿ ಉದುರುತ್ತಿತ್ತು. ಹಳೆ ಗಾರೆ ಕಿತ್ತು ಹೊಸದಾಗಿ ಪ್ಲಾಸ್ಟರ್ ಮಾಡೋಕೆ, ಬಣ್ಣ ಹೊಡೆಯೋಕೆ ಒಬ್ಬ ಮೇಸ್ತ್ರಿಗೆ 62,000 ರೂಪಾಯಿಗೆ ಒಪ್ಪಿಸಿದೆವು. 44,000 ಕೊಟ್ಟಾಗಿದೆ. ಹಾಲಿನ ಮೂಲೆಯಲ್ಲಿ ನನ್ನ ಅಮ್ಮನ ವೀಣೆ ಇತ್ತು. ಬಟ್ಟೆಯ ಗವಸು ಹಾಕಿ, ಮೇಲೊಂದು ಬೆಡ್‌ಶೀಟ್ ಹೊದಿಸಿದ್ದೆ. ಗಾರೆ ಕೀಳುವಾಗ ಹೆಲ್ಪರ್ ಹುಡುಗನ ಕೈಯಿಂದ ಸುತ್ತಿಗೆ ಜಾರಿ ವೀಣೆಯ ಕೊಡದ ಮೇಲೆ, ಅಂದರೆ ಬುಡದ ದುಂಡನೆ ಭಾಗದ ಮೇಲೆ ಬಿತ್ತು. ಒಂದು ಗೇಣು ಉದ್ದ ಸೀಳಿದೆ, ತಂತಿಯ ಕೆಳಗಿನ ಲೋಹದ ಮೆಟ್ಟಿಲುಗಳಲ್ಲಿ ಮೂರು ಕಿತ್ತು ಬಂದಿವೆ. ಅಮ್ಮ ಹೋಗಿ ಆರು ವರ್ಷವಾಯಿತು. ಮೇಸ್ತ್ರಿ ಬಂದು ನೋಡಿ, "ಹಳೇದಲ್ವಾ ಮೇಡಂ, ಫೆವಿಕಾಲ್ ಹಾಕಿ ಕಟ್ಟಿದ್ರೆ ಕೂತ್ಕೊಳತ್ತೆ" ಅಂದರು. ನಾನು ಒಪ್ಪದಿದ್ದಾಗ "ಸರಿ, ಹುಡುಗನ ಕೂಲೀಲಿ ಹಿಡ್ಕೊತೀನಿ" ಅಂದರು. ಆ ಹುಡುಗನಿಗೆ ಹತ್ತೊಂಬತ್ತು ವರ್ಷ ಇರಬಹುದು. ಬಾಗಿಲ ಹತ್ತಿರ ನಿಂತು ಅಳುತ್ತಿದ್ದ. ನನಗೆ ಅಲ್ಲಿಗೆ ಮಾತೇ ನಿಂತುಹೋಯಿತು. ದುಡ್ಡು ಕೇಳಿದರೆ ಅವನ ಹೊಟ್ಟೆ ಮೇಲೆ ಹೊಡೆದ ಹಾಗೆ. ಸುಮ್ಮನಿದ್ದರೆ ಅಮ್ಮನಿಗೆ ಮೋಸ ಮಾಡಿದ ಹಾಗೆ. ಇನ್ನೂ 18,000 ಬಾಕಿ ಇದೆ. ಏನು ಮಾಡಲಿ ಅಕ್ಕಾ?

ಉತ್ತರ: ಮೊದಲು ವೀಣೆ, ಆಮೇಲೆ ದುಡ್ಡು.

ಇವತ್ತೇ ವೀಣೆಯ ಏಳೂ ತಂತಿಗಳನ್ನು ಸ್ವಲ್ಪ ಸಡಿಲ ಮಾಡಿ. ಒಂದನ್ನೇ ಪೂರ್ತಿ ಬಿಚ್ಚಬೇಡಿ. ತಂತಿ ಬಿಗಿ ಮಾಡುವ ಎಲ್ಲ ಬಿರಡೆಗಳನ್ನೂ ಒಂದೊಂದು ಸುತ್ತಿನಂತೆ ಇಳಿಸುತ್ತಾ ಬನ್ನಿ. ತಂತಿ ಬಿಗಿಯಾಗಿದ್ದರೆ ಅದರ ಎಳೆತಕ್ಕೆ ಸೀಳು ದಿನದಿನಕ್ಕೆ ಬಾಯಿ ಬಿಡುತ್ತದೆ. ಬಿದ್ದಿರುವ ಮರದ ಚಕ್ಕೆ ಎಷ್ಟೇ ಸಣ್ಣದಿರಲಿ, ಕಿತ್ತುಬಂದ ಮೆಟ್ಟಿಲು, ಮೇಣದ ತುಂಡು, ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿಡಿ. ಗುಡಿಸಿ ಎಸೆಯೋಕೆ ಬಿಡಬೇಡಿ. ರಿಪೇರಿ ಮಾಡುವವರಿಗೆ ಆ ಚಕ್ಕೆಯೇ ಬೇಕು. ವೀಣೆಯನ್ನು ಮಲಗಿಸಿಡಿ. ಬಿಸಿಲು ಬೀಳುವ ಜಾಗದಲ್ಲಿ ಬೇಡ. ಇಪ್ಪತ್ತನಾಲ್ಕು ಮೆಟ್ಟಿಲೂ ಕೂತಿರುವುದು ಮೇಣದ ಮೇಲೆ ಅಲ್ವಾ, ಬಿಸಿ ತಾಗಿದರೆ ಮೇಣ ಮೆತ್ತಗಾಗಿ ಸರಿ ಇರುವ ಮೆಟ್ಟಿಲೂ ಅಲುಗುತ್ತವೆ. ಮತ್ತೆ ಫೆವಿಕಾಲ್ ಮಾತು. ದಯವಿಟ್ಟು ಯಾವ ಬಡಗಿಯ ಕೈಗೂ, ಯಾವ ಮೇಸ್ತ್ರಿಯ ಕೈಗೂ ಕೊಡಬೇಡಿ. ಕಂಡಕಂಡ ಅಂಟು ಒಮ್ಮೆ ಸೀಳಿನೊಳಗೆ ಹೋಗಿ ಗಟ್ಟಿಯಾದರೆ, ಬಲ್ಲವರು ಬಂದರೂ ಅದನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸ. ಮೈಸೂರಿನಲ್ಲೇ ವೀಣೆ ರಿಪೇರಿ ಮಾಡುವವರಿದ್ದಾರೆ. ನಿಮ್ಮ ಅಮ್ಮನ ಜೊತೆ ಕಲಿತವರನ್ನೋ, ಹತ್ತಿರದ ವೀಣೆ ಮೇಷ್ಟ್ರನ್ನೋ ಕೇಳಿದರೆ ವಿಳಾಸ ಸಿಗುತ್ತದೆ. ದೊಡ್ಡಬಳ್ಳಾಪುರದ ಹತ್ತಿರ ಸಿಂಪಾಡಿಪುರದಲ್ಲೂ ಹಲಸಿನ ಮರದಲ್ಲಿ ವೀಣೆ ಮಾಡುವ ಕುಟುಂಬಗಳಿವೆ. ಅವರಲ್ಲಿ ಯಾರಿಗಾದರೂ ತೋರಿಸಿ, ಸೀಳು ಕೂಡಿಸೋಕೆ ಎಷ್ಟು, ಮೇಳ ಕಟ್ಟೋಕೆ, ಅಂದರೆ ಮೆಟ್ಟಿಲುಗಳನ್ನು ಶ್ರುತಿಗೆ ಸರಿಯಾಗಿ ಮೇಣದ ಮೇಲೆ ಕೂರಿಸೋಕೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮೂರೇ ಮೆಟ್ಟಿಲು ಕಿತ್ತಿದ್ದರೂ ಶ್ರುತಿ ಕೂಡಬೇಕಾದರೆ ಪೂರ್ತಿ ಮೇಳವನ್ನೇ ಹೊಸದಾಗಿ ಕಟ್ಟಬೇಕು ಅಂತ ಅವರು ಹೇಳಬಹುದು. ಹಾಗಿದ್ದರೆ ಅದನ್ನೂ ಬರೆಸಿ. ಈ ಚೀಟಿ ಮುಂದೆ ಎಲ್ಲದಕ್ಕೂ ಆಧಾರ.

ಇನ್ನು ಆ ಹುಡುಗ. ನಿಮ್ಮ ಪತ್ರದಲ್ಲಿ ನನ್ನನ್ನು ತಟ್ಟಿದ್ದು ಅವನು ಬಾಗಿಲ ಹತ್ತಿರ ನಿಂತದ್ದು. ಅಂಥ ಹುಡುಗರನ್ನು ನಾನು ಜೀವನಪೂರ್ತಿ ನೋಡಿದ್ದೇನೆ. ನೀವು ಒಪ್ಪಂದ ಮಾಡಿಕೊಂಡದ್ದು ಅವನ ಜೊತೆ ಅಲ್ಲ, ಮೇಸ್ತ್ರಿಯ ಜೊತೆ. ದುಡ್ಡು ಕೊಟ್ಟದ್ದು ಮೇಸ್ತ್ರಿಗೆ. ಹುಡುಗನನ್ನು ಕರೆತಂದವರು, ಇಲ್ಲಿ ನಿಂತು ಹೊಡಿ ಅಂತ ತೋರಿಸಿದವರು ಮೇಸ್ತ್ರಿ. ಮೂಲೆಯಲ್ಲಿ ವಸ್ತು ಇದೆ, ಮೊದಲು ಅದನ್ನು ಆಚೆ ಇಡಿಸಿ ಅಂತ ಹೇಳಬೇಕಾಗಿದ್ದವರೂ ಅವರೇ. ಆದ್ದರಿಂದ ಅವರ ಕೆಲಸದಾಳಿನ ಕೈಯಿಂದ ಕೆಲಸದ ಹೊತ್ತಿನಲ್ಲಿ ಆದ ನಷ್ಟಕ್ಕೆ ಅವರೇ ಹೊಣೆ. ಕಾನೂನು ಹೇಳುವುದೂ ಇದನ್ನೇ. ಹುಡುಗನ ಕೂಲಿ ಮುರಿಯುವುದು ಮೇಸ್ತ್ರಿ ನಿಮಗೆ ತೋರಿಸುವ ಧಾರಾಳ ಅಲ್ಲ, ತಮ್ಮ ಹೊಣೆಯನ್ನು ಬೇರೆಯವರ ತಲೆಗೆ ಕಟ್ಟುವುದು. ಕೂಲಿಯಲ್ಲಿ ಹಿಡಿಯಬೇಕಾದರೂ ಆಳಿನ ನಿರ್ಲಕ್ಷ್ಯದಿಂದಲೇ ಆಯಿತು ಅನ್ನುವುದನ್ನು ನೋಡಬೇಕು, ಅವನ ಮಾತನ್ನೂ ಕೇಳಬೇಕು ಅಂತ ವೇತನದ ಕಾನೂನಿನಲ್ಲಿದೆ. ಸುಮ್ನೆ ಶನಿವಾರದ ಬಟವಾಡೆಯಲ್ಲಿ ನೋಟು ಎಣಿಸುವಾಗ ಕಮ್ಮಿ ಮಾಡೋಕೆ ಬರುವುದಿಲ್ಲ.

ಹಾಗಾಗಿ ಮೇಸ್ತ್ರಿಗೆ ನೀವೇ ಬಾಯಿಬಿಟ್ಟು ಹೇಳಿ: "ಹುಡುಗನ ಕೂಲಿ ಮುಟ್ಟಬೇಡಿ. ನಾನು ಕೇಳುತ್ತಿರುವುದು ನಿಮ್ಮನ್ನು." ಈ ಒಂದು ಮಾತು ಹೇಳಿದರೆ ನಿಮ್ಮ ಮನಸ್ಸಿನ ಅರ್ಧ ಭಾರ ಇಳಿಯುತ್ತದೆ. ದುಡ್ಡು ಕೇಳೋಕೆ ಧೈರ್ಯವೂ ಬರುತ್ತದೆ.

ಆಮೇಲೆ ಬರವಣಿಗೆ. ಫೋನಿನಲ್ಲಿ ಎಷ್ಟೇ ಮಾತಾಡಿದ್ದರೂ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಇರಲೇಬೇಕು. ಜಗಳದ ಮಾತು ಬೇಡ. ಹೀಗೆ ಬರೆಯಿರಿ: "ಮೇಸ್ತ್ರಿಗಳೇ, ಮಂಗಳವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನಮ್ಮ ಹಾಲಿನಲ್ಲಿ ಗಾರೆ ಕೀಳುವಾಗ ನಿಮ್ಮ ಕೆಲಸದವರ ಸುತ್ತಿಗೆ ಬಿದ್ದು ನಮ್ಮ ತಾಯಿಯ ವೀಣೆ ಸೀಳಿದೆ. ನೀವು ಅವತ್ತೇ ಬಂದು ನೋಡಿದ್ದೀರಿ. ಫೋಟೋ ಕಳಿಸಿದ್ದೇನೆ. ರಿಪೇರಿಯವರು ಬರೆದುಕೊಟ್ಟ ಚೀಟಿಯನ್ನೂ ಕಳಿಸುತ್ತೇನೆ. ಆ ಖರ್ಚನ್ನು ನೀವು ಕೊಡಬೇಕು. ಶುಕ್ರವಾರದೊಳಗೆ ತಿಳಿಸಿ." ಇಷ್ಟೇ ಸಾಕು. ದಿನ, ಹೊತ್ತು, ಅವರು ಬಂದು ನೋಡಿದ್ದು, ಈ ಮೂರೂ ಅದರಲ್ಲಿರಬೇಕು. ಬಂದು ನೋಡಿದ್ದನ್ನು ಅವರು ಅಲ್ಲಗಳೆಯದಿದ್ದರೆ ಅದೇ ನಿಮಗೆ ದೊಡ್ಡ ಬಲ.

ಬಾಕಿ 18,000ದ ವಿಷಯ. ನಿಮ್ಮ ಅಕ್ಕಪಕ್ಕದವರು "ಒಂದು ಪೈಸೆ ಕೊಡಬೇಡಿ" ಅಂತ ಹೇಳುತ್ತಿರಬಹುದು. ನಾನು ಹಾಗೆ ಹೇಳುವುದಿಲ್ಲ. ಚೀಟಿಯಲ್ಲಿ 9,000 ಅಂತ ಬಂತು ಅನ್ನಿ, ಅಷ್ಟನ್ನು ಮಾತ್ರ ತಡೆಹಿಡಿಯಿರಿ. ಉಳಿದ 9,000ವನ್ನು ಕೆಲಸ ಮುಗಿದ ದಿನವೇ ಕೊಡಿ. ಯಾಕೆ ತಡೆಹಿಡಿದಿದ್ದೀರಿ ಅಂತ ಬರೆದು ಕಳಿಸಿ. ಪೂರ್ತಿ ದುಡ್ಡು ನಿಲ್ಲಿಸಿದರೆ ಆ ವಾರ ಬಟವಾಡೆ ಇಲ್ಲದೆ ಹೋಗುವವರು ಮೇಸ್ತ್ರಿ ಅಲ್ಲ, ಅದೇ ಹುಡುಗ ಮತ್ತು ಅವನ ಜೊತೆ ಬಂದ ಇನ್ನಿಬ್ಬರು. ನಾಳೆ ಮಾತು ಬೆಳೆದರೂ, ನಷ್ಟದಷ್ಟೇ ಹಿಡಿದವರ ಮಾತಿಗೆ ತೂಕ ಜಾಸ್ತಿ.

ಎಷ್ಟು ಕೇಳಬಹುದು ಅನ್ನುವುದನ್ನೂ ನೇರವಾಗಿ ಹೇಳಿಬಿಡುತ್ತೇನೆ. ರಿಪೇರಿ ಆಗುವಂತಿದ್ದರೆ ರಿಪೇರಿಯ ಖರ್ಚು, ಒಯ್ದು ತರುವ ಗಾಡಿ ಬಾಡಿಗೆ ನ್ಯಾಯ. ಹಳೆಯ ವಸ್ತುವಿಗೆ ಹೊಸ ವೀಣೆಯ ಬೆಲೆ ಕೇಳಿದರೆ ಯಾರೂ ಒಪ್ಪುವುದಿಲ್ಲ. ಆದರೆ "ಹಳೇದಲ್ವಾ" ಅನ್ನುವ ಮಾತನ್ನು ನೀವೂ ಒಪ್ಪಬೇಡಿ. ವೀಣೆ ಹಳೆಯದಾದಷ್ಟೂ ಅದರ ಮರ ಪಕ್ವವಾಗಿ ನಾದ ಹದವಾಗುತ್ತದೆ ಅಂತ ನುಡಿಸುವವರೆಲ್ಲ ಹೇಳುತ್ತಾರೆ. ಫ್ರಿಜ್ಜಿನ ಲೆಕ್ಕ ವೀಣೆಗೆ ಹಾಕೋಕೆ ಆಗಲ್ಲ. ರಿಪೇರಿಯವರು ಚೀಟಿಯಲ್ಲಿ ಆ ಮಾತನ್ನೂ ಒಂದು ಸಾಲು ಬರೆದುಕೊಟ್ಟರೆ ಒಳ್ಳೆಯದು.

ಮೇಸ್ತ್ರಿ ಉತ್ತರವನ್ನೇ ಕೊಡದಿದ್ದರೆ ಒಂದು ನೋಟಿಸ್ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ವಕೀಲರ ಕೈಯಲ್ಲೇ ಬರೆಸಬೇಕು ಅಂತಿಲ್ಲ. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಮನೆ ಕಟ್ಟುವ ಕೆಲಸವೂ ಗ್ರಾಹಕ ಕಾನೂನಿನ ಕೆಳಗೆ ಬರುವ ಸೇವೆ ಅಂತ ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ. ಈಗ ನಡೆಯುತ್ತಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದುಡ್ಡು ಪೂರ್ತಿ ಕೊಟ್ಟಿರಬೇಕು ಅಂತಿಲ್ಲ, ಅರ್ಧ ಕೊಟ್ಟು ಅರ್ಧ ಕೊಡುತ್ತೇನೆ ಅಂದಿದ್ದರೂ ನೀವು ಗ್ರಾಹಕರೇ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ನೀವಿರುವ ಊರಿನಲ್ಲೇ ದೂರು ಕೊಡಬಹುದು, ನಿಮ್ಮ ಪರವಾಗಿ ನೀವೇ ಮಾತಾಡಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ನಷ್ಟವಾದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು. ಅದಕ್ಕೂ ಮುಂಚೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಒಮ್ಮೆ ಫೋನ್ ಮಾಡಿ ಕೇಳಿ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಒಂದು ವ್ಯತ್ಯಾಸ ಮಾತ್ರ ಗಮನದಲ್ಲಿರಲಿ. ಗುತ್ತಿಗೆ ಕೊಡದೆ, ನೀವೇ ಒಬ್ಬರನ್ನು ದಿನಗೂಲಿಗೆ ಕರೆತಂದು, ಪಕ್ಕದಲ್ಲಿ ನಿಂತು "ಹೀಗೆ ಮಾಡು, ಹಾಗೆ ಮಾಡು" ಅಂತ ಮಾಡಿಸಿದ್ದರೆ ಈ ದಾರಿ ಅಷ್ಟು ಸುಲಭ ಇರುವುದಿಲ್ಲ. ಅಲ್ಲಿ ಮೇಸ್ತ್ರಿಯ ಜಾಗದಲ್ಲಿ ನೀವೇ ಇರುತ್ತೀರಿ.

ಇಷ್ಟು ಹೇಳಿದ ಮೇಲೆ ನನ್ನದೊಂದು ಹಳೆಯ ಸಂಗತಿ ಹೇಳಲೇಬೇಕು. 1998. ಜಯಲಕ್ಷ್ಮೀಪುರಂನಲ್ಲಿ ಒಂದು ಅಡುಗೆಮನೆ ದೊಡ್ಡದು ಮಾಡುವ ಕೆಲಸ ಹಿಡಿದಿದ್ದೆ. ಸಾರುವೆಯ ಹಲಗೆ ಜಾರಿ, ಉಗ್ರಾಣದ ಬಾಗಿಲಲ್ಲಿ ಇಟ್ಟಿದ್ದ ಪಿಂಗಾಣಿ ಜಾಡಿ ಒಡೆಯಿತು. ಅದರ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ, ಆ ಮನೆಯ ವರ್ಷದ ಉಪ್ಪಿನಕಾಯಿ. ನಾನು ಸೈಟಿನಲ್ಲಿ ಇರಲಿಲ್ಲ. ಸಂಜೆ ವಿಷಯ ತಿಳಿದು, ಮಾರನೆಯ ದಿನ ಹೊಸ ಜಾಡಿ ಕೊಂಡು ಹುಡುಗನ ಕೈಯಲ್ಲಿ ಕಳಿಸಿದೆ. ಮುಗಿಯಿತು ಅಂದುಕೊಂಡೆ. ಆ ಮನೆಯ ಅಜ್ಜಿ ಏನೂ ಅನ್ನಲಿಲ್ಲ. ಕೆಲಸ ಮುಗಿಯುವವರೆಗೂ ನನ್ನ ಜೊತೆ ಮಾತೇ ಆಡಲಿಲ್ಲ. ಕೊನೆಯ ದಿನ ಅವರ ಸೊಸೆ ಹೇಳಿದರು, "ಆ ಜಾಡಿ ಅತ್ತೆಯವರ ತವರಿಂದ ಬಂದಿತ್ತು. ಜಾಡಿ ಹೋದದ್ದಕ್ಕಲ್ಲ, ನೀವು ಬಂದು ಒಂದು ಮಾತು ಕೇಳಲಿಲ್ಲ ಅಂತ ಅವರಿಗೆ ಬೇಜಾರು" ಅಂತ. ನನ್ನ ಮುಖ ನನಗೇ ತೋರಿಸಿಕೊಳ್ಳೋಕೆ ಆಗಲಿಲ್ಲ. ಮುಂದಿನ ಮಾರ್ಚ್‌ನಲ್ಲಿ ಸಾಗರದಿಂದ ಮಿಡಿ ತರಿಸಿ, ನಾನೇ ಹೊತ್ತುಕೊಂಡು ಹೋಗಿ ಅವರ ಮುಂದೆ ಕೂತೆ. ಅಜ್ಜಿ ಮಿಡಿ ಒಂದನ್ನು ತೊಟ್ಟು ಮುರಿದು ಮೂಸಿ ನೋಡಿ, "ಸೊನೆ ಚೆನ್ನಾಗಿದೆ" ಅಂದರು. ಅವತ್ತಿನಿಂದ ನನ್ನ ಸೈಟಿನಲ್ಲಿ ಏನೇ ಒಡೆದರೂ, ಅದೇ ದಿನ ಸಂಜೆಯೊಳಗೆ ನಾನೇ ಹೋಗಿ ನಿಲ್ಲುತ್ತಿದ್ದೆ.

ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಮೇಸ್ತ್ರಿಗೆ ಆ ವೀಣೆ ಏನು ಅಂತ ಇನ್ನೂ ಗೊತ್ತಾಗಿಲ್ಲ ಅನ್ನಿಸುತ್ತದೆ. ನನಗೂ ಆ ಜಾಡಿ ಏನು ಅಂತ ಗೊತ್ತಿರಲಿಲ್ಲ. ಮೆಸೇಜ್ ಕಳಿಸುವ ಮುಂಚೆ ಒಂದು ಸಲ ಅವರನ್ನು ಮನೆಗೆ ಕರೆದು ಕೂರಿಸಿ. ಅಮ್ಮ ಅದನ್ನು ನುಡಿಸುತ್ತಿದ್ದ ಫೋಟೋ ಇದ್ದರೆ ತೋರಿಸಿ. ನಾನು ನೋಡಿದ ಮೇಸ್ತ್ರಿಗಳಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ನಷ್ಟದ ಹೆದರಿಕೆಗೆ ಮೊದಲ ಮಾತು ಒರಟಾಗಿ ಬರುತ್ತದೆ. ಕೂತು ಮಾತಾಡಿದ ಮೇಲೂ ಅವರು ಅದೇ ಮಾತು ಆಡಿದರೆ, ಮೇಲೆ ಹೇಳಿದ ದಾರಿ ಇದ್ದೇ ಇದೆ.

ಪ್ರಶ್ನೆ: ಧಾರವಾಡದಲ್ಲಿ ನಮ್ಮ ಅಜ್ಜನ ಕಾಲದ ಮನೆ. ಬಚ್ಚಲಿಗೆ ಹೊಸ ಟೈಲ್ಸ್ ಹಾಕಿಸಿದೆವು. ಕಡೆಯ ದಿನ ಟೈಲ್ಸ್ ಮೇಲಿನ ಸಿಮೆಂಟ್ ತೆಗೆಯಲು ಮಿಸ್ತ್ರಿ ಆ್ಯಸಿಡ್ ಸುರಿದು ತೊಳೆದರು. ಆ ನೀರು ಪಡಸಾಲೆಗೆ ಹರಿದು, ಕನ್ನಡಿಯಂತೆ ಹೊಳೆಯುತ್ತಿದ್ದ ಕೆಂಪು ರೆಡ್ ಆಕ್ಸೈಡ್ ನೆಲ ಎರಡು ಮೊಳದಷ್ಟು ಬಿಳಿಚಿಕೊಂಡು ಒರಟಾಗಿದೆ. ತಿಕ್ಕಿ ಪಾಲಿಶ್ ಮಾಡಿದರೆ ಹೋಗುತ್ತದೆ ಅಂತ ಮಿಸ್ತ್ರಿ ಹೇಳುತ್ತಾರೆ. ಹೌದೇ?

ಉತ್ತರ: ಪೂರ್ತಿ ಹೋಗುವುದಿಲ್ಲ. ಅದು ಕಲೆ ಅಲ್ಲ, ಗಾಯ. ಆಕ್ಸೈಡ್ ನೆಲ ಅಂದರೆ ಸಿಮೆಂಟಿಗೆ ಬಣ್ಣದ ಪುಡಿ ಬೆರೆಸಿ, ಕರಣೆಯಲ್ಲಿ ಗಂಟೆಗಟ್ಟಲೆ ಉಜ್ಜಿ ಉಜ್ಜಿ ನಯ ಬರಿಸಿದ ತೆಳ್ಳನೆ ಪದರ. ಆ್ಯಸಿಡ್ಡಿನ ಕೆಲಸವೇ ಸಿಮೆಂಟನ್ನು ತಿನ್ನುವುದು. ಟೈಲ್ಸ್ ಮೇಲಿನ ಸಿಮೆಂಟನ್ನು ಹೇಗೆ ತಿನ್ನುತ್ತದೋ ಹಾಗೆಯೇ ನಿಮ್ಮ ನೆಲದ ಹೊಳಪನ್ನೂ ತಿಂದಿದೆ. ಮಾರ್ಬಲ್ ಮೇಲೂ, ಮೊಸಾಯಿಕ್ ಮೇಲೂ ಹೀಗೇ ಆಗುತ್ತದೆ.

ಅಲ್ಲಿ ಇನ್ನೂ ಸ್ವಲ್ಪ ಆ್ಯಸಿಡ್ ಉಳಿದಿದ್ದರೆ ತಿನ್ನುತ್ತಲೇ ಇರುತ್ತದೆ. ಅಡುಗೆ ಸೋಡಾ ಕದಡಿದ ನೀರು ಹಾಕಿ. ನೊರೆ ಬಂದರೆ ಆ್ಯಸಿಡ್ ಇದೆ ಅಂತ ಅರ್ಥ. ನೊರೆ ನಿಲ್ಲುವವರೆಗೆ ಹಾಕಿ, ಆಮೇಲೆ ಬರೀ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಬ್ಲೀಚಿಂಗ್ ಪೌಡರ್ ಮಾತ್ರ ಹತ್ತಿರಕ್ಕೂ ತರಬೇಡಿ. ಆ್ಯಸಿಡ್ ಜೊತೆ ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಬಾಗಿಲು ಮುಚ್ಚಿದ ಬಚ್ಚಲಲ್ಲಿ ಅದು ಉಸಿರಿಗೇ ಅಪಾಯ.

ಹಾಳಾದ ಜಾಗಕ್ಕೆ ಮಾತ್ರ ಹೊಸ ಆಕ್ಸೈಡ್ ತೇಪೆ ಹಾಕಿಸಿದರೆ ಬಣ್ಣ ಕೂಡುವುದಿಲ್ಲ. ಅಜ್ಜನ ಕಾಲದಿಂದ ಕಾಲು ಸವೆದು ಬಂದ ಕೆಂಪು ಡಬ್ಬಿಯಲ್ಲಿ ಸಿಗಲ್ಲ. ಆಕ್ಸೈಡ್ ನೆಲ ಮಾಡಿ ಗೊತ್ತಿರುವ ಹಳೆಯ ಗಾರೆಯವರನ್ನು ಹುಡುಕಿ, ಸಣ್ಣ ಧೂಳಿನ ಪಾಲಿಶ್ ಕಾಗದದಲ್ಲಿ ಕೈಯಿಂದ ಉಜ್ಜಿಸಿ, ಮೇಣದ ಪಾಲಿಶ್ ಹಾಕಿಸಿ ನೋಡಿ. ಒರಟು ಹೋಗುತ್ತದೆ, ಬಣ್ಣದ ಗುರುತು ಸ್ವಲ್ಪ ಉಳಿಯುತ್ತದೆ. ಆ ಖರ್ಚನ್ನು ಟೈಲ್ಸ್ ಮಿಸ್ತ್ರಿ ಕೊಡಬೇಕು. ಅವರೇ ಮಷಿನ್ ತಂದು ಉಜ್ಜುತ್ತೇನೆ ಅಂದರೆ ಒಪ್ಪಬೇಡಿ. ಮಾರ್ಬಲ್ ಉಜ್ಜುವ ಮಷಿನ್ ಆ ತೆಳು ಪದರವನ್ನೇ ಕಿತ್ತುಹಾಕೀತು.

ಪ್ರಶ್ನೆ: ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್. ಆ್ಯಪ್‌ನಲ್ಲಿ ಬುಕ್ ಮಾಡಿ ಕರೆಸಿದ ಹುಡುಗ ನೀರಿನ ಫಿಲ್ಟರ್ ಕೂರಿಸುವಾಗ ಡ್ರಿಲ್ ಗೋಡೆಯೊಳಗಿನ ಪೈಪಿಗೆ ತಗುಲಿತು. ನಮ್ಮ ಅಡುಗೆಮನೆ ಕ್ಯಾಬಿನೆಟ್ ನೆನೆಯಿತು. ಕೆಳಗಿನ ಮನೆಯವರ ಫಾಲ್ಸ್ ಸೀಲಿಂಗ್ ಉಬ್ಬಿತು, ಟಿವಿಗೂ ನೀರು ಹೋಯಿತು. ಅವರು ನನ್ನನ್ನು ಕೇಳುತ್ತಿದ್ದಾರೆ. ನಾನು ಡ್ರಿಲ್ ಹಿಡಿದವನಲ್ಲವಲ್ಲ?

ಉತ್ತರ: ಅವರಿಗೆ ಆ ಹುಡುಗ ಯಾರೋ ಗೊತ್ತಿಲ್ಲ. ಅವರಿಗೆ ಗೊತ್ತಿರುವುದು ಮೇಲಿನ ಮನೆಯಿಂದ ನೀರು ಬಂತು ಅನ್ನುವುದು. "ಆ ಕಂಪನಿಯವರನ್ನೇ ಕೇಳಿ" ಅಂತ ಅವರನ್ನು ಅಲೆಸಬೇಡಿ. ನೀವೇ ಕೆಳಗೆ ಹೋಗಿ ನೋಡಿ, ಅವರ ನಷ್ಟದ ಫೋಟೋವನ್ನೂ ನಿಮ್ಮ ಲೆಕ್ಕದಲ್ಲೇ ಸೇರಿಸಿಕೊಳ್ಳಿ. ಎರಡೂ ಮನೆಯ ನಷ್ಟವನ್ನು ಒಟ್ಟಿಗೆ ಕಂಪನಿಯ ಮುಂದೆ ಇಡಿ. ದಿನವೂ ಲಿಫ್ಟಿನಲ್ಲಿ ಎದುರಾಗುವವರ ಜೊತೆ ಮಾತು ಕೆಡಿಸಿಕೊಂಡು ಬದುಕುವುದು ಕಷ್ಟ.

ಆ್ಯಪ್‌ನವರ ಷರತ್ತುಗಳನ್ನು ಇವತ್ತೇ ಓದಿ. ಹಾನಿಯಾದರೆ ಎಷ್ಟು ದಿನದೊಳಗೆ ತಿಳಿಸಬೇಕು, ಎಷ್ಟರವರೆಗೆ ಕೊಡುತ್ತಾರೆ ಅಂತ ಅಲ್ಲಿ ಬರೆದಿರಬಹುದು. ಆ್ಯಪ್‌ನ ಒಳಗೇ ದೂರು ಹಾಕಿ, ದೂರಿನ ನಂಬರ್ ತೆಗೆದುಕೊಳ್ಳಿ. ಬಂದ ಹುಡುಗನಿಗೆ ಖಾಸಗಿಯಾಗಿ ಫೋನ್ ಮಾಡಿ ದುಡ್ಡು ಕೇಳಬೇಡಿ. ಅವನು ಹೆದರಿ ಎರಡು ಸಾವಿರ ಕಳಿಸಿಬಿಟ್ಟರೆ, ವಿಷಯ ಅಲ್ಲಿಗೇ ಮುಗಿದಿದೆ ಅಂತ ಕಂಪನಿ ಹೇಳಬಹುದು.

ಕೆಳಗಿನವರ ಟಿವಿಯನ್ನು ಪರೀಕ್ಷೆಗೆ ಅಂತಲೂ ಆನ್ ಮಾಡಬಾರದು. ಪ್ಲಗ್ ತೆಗೆದಿಟ್ಟು, ಸರ್ವಿಸ್‌ನವರು ನೋಡಿ ಬರೆದುಕೊಡುವವರೆಗೆ ಹಾಗೇ ಬಿಡಿ. ಇನ್ನು ನಿಮ್ಮ ಮನೆಯಲ್ಲಿ ಒಳಪೈಪು ಎಲ್ಲೆಲ್ಲಿ ಹೋಗಿದೆ ಅನ್ನುವ ನಕ್ಷೆಯನ್ನು ಬಿಲ್ಡರ್ ಅಥವಾ ಅಸೋಸಿಯೇಶನ್‌ನಿಂದ ಕೇಳಿ ಇಟ್ಟುಕೊಳ್ಳಿ. ಯಾರೇ ಡ್ರಿಲ್ ತಂದರೂ ಮೊದಲು ಅದನ್ನು ತೋರಿಸಿ. ನಕ್ಷೆ ಇಲ್ಲದಿದ್ದರೆ ನಲ್ಲಿಯ ನೇರಕ್ಕೆ ಮೇಲೆ ಕೆಳಗೆ, ಅಕ್ಕಪಕ್ಕ ತೂತು ಹಾಕಿಸಬೇಡಿ. ಪೈಪು ಸಾಮಾನ್ಯವಾಗಿ ಆ ಸಾಲಿನಲ್ಲೇ ಬಂದಿರುತ್ತದೆ. ಮನೆಯ ಮುಖ್ಯ ವಾಲ್ವ್ ಎಲ್ಲಿದೆ ಅನ್ನುವುದು ಮನೆಯ ಎಲ್ಲರಿಗೂ, ಮಕ್ಕಳಿಗೂ ಗೊತ್ತಿರಲಿ.

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಪೇಂಟಿಂಗ್ ಕೆಲಸ ಮಾಡುವವನು. ನಿಮ್ಮ ಪುಟದಲ್ಲಿ ಯಾವಾಗಲೂ ಮನೆಯವರ ಕಷ್ಟವೇ ಬರುತ್ತದೆ. ಹೋದ ವಾರ ಒಂದು ಮನೆಯಲ್ಲಿ ಬಣ್ಣ ಮುಗಿಸಿದೆ. ಕೈತೊಳೆಯುವ ಬೇಸಿನ್ ನಾನೇ ಒಡೆದದ್ದು ಅಂತ 4,500 ಹಿಡಿದುಕೊಂಡಿದ್ದಾರೆ. ನಾನು ಹೋಗುವ ಮುಂಚೆಯೇ ಅದು ಬಿರುಕು ಬಿಟ್ಟಿತ್ತು. ಏಣಿಯನ್ನು ಅದರ ಪಕ್ಕ ಇಟ್ಟಿದ್ದು ನಿಜ. ನನ್ನ ಮಾತು ಯಾರೂ ಕೇಳುತ್ತಿಲ್ಲ ಮೇಡಂ. ಫೋಟೋ ಕಳಿಸಿದ್ದೇನೆ.

ಉತ್ತರ: ನೀವು ಹೇಳಿದ್ದು ಸರಿ, ನಿಮ್ಮಂಥವರ ಪತ್ರ ನನಗೆ ಕಮ್ಮಿ ಬರುತ್ತದೆ. ಬರೆದದ್ದಕ್ಕೆ ಸಂತೋಷ.

ಮುಂದಿನ ಕೆಲಸಕ್ಕೆ ಒಂದು ಅಭ್ಯಾಸ ಮಾಡಿಕೊಳ್ಳಿ. ಮೊದಲ ದಿನ ಬ್ರಷ್ ತೆಗೆಯುವ ಮುಂಚೆ ಮನೆಯವರನ್ನು ಜೊತೆಗೆ ಕರೆದುಕೊಂಡು ಪ್ರತಿ ರೂಮಿನದೂ ವಿಡಿಯೋ ಮಾಡಿ. ಕಿಟಕಿ ಗಾಜು, ಸ್ವಿಚ್ ಬೋರ್ಡ್, ಬೇಸಿನ್, ಕಮೋಡು, ಟೈಲ್ಸ್ ಮೂಲೆ, ಎಲ್ಲದರದೂ. ಎಲ್ಲಿ ಬಿರುಕಿದೆಯೋ ಅಲ್ಲಿ ಬಾಯಲ್ಲೇ ಹೇಳಿ, "ಇದು ಮೊದಲೇ ಇದೆ" ಅಂತ. ಹತ್ತು ನಿಮಿಷದ ಕೆಲಸ. ಆ ವಿಡಿಯೋವನ್ನು ಅವತ್ತೇ ಅವರಿಗೆ ವಾಟ್ಸಾಪ್ ಮಾಡಿ. ನಾನು ಕೆಲಸ ಮಾಡುತ್ತಿದ್ದ ಮೊದಲ ವರ್ಷಗಳಲ್ಲಿ ಫೋನಿನಲ್ಲಿ ಕ್ಯಾಮೆರಾ ಎಲ್ಲಿತ್ತು? ನೋಟ್‌ಬುಕ್‌ನಲ್ಲಿ ಬರೆದು ಮನೆಯವರ ಸಹಿ ಹಾಕಿಸಿಕೊಳ್ಳುತ್ತಿದ್ದೆ. ಮನೆಯವರಿಗೂ ಇದರಿಂದ ಒಳ್ಳೆಯದೇ. ಸರಸ್ವತಿಪುರಂನವರು ಹೀಗೆ ಒಟ್ಟಿಗೆ ಓಡಾಡಿ ನೋಡಿದ್ದರೆ ಮೂಲೆಯ ವೀಣೆ ಮೊದಲ ದಿನವೇ ಬೇರೆ ರೂಮಿಗೆ ಹೋಗುತ್ತಿತ್ತು.

ಈಗಿನ ವಿಷಯಕ್ಕೆ ಬರೋಣ. ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಬಿರುಕಿನ ಉದ್ದಕ್ಕೂ ಒಳಗೆ ಕಪ್ಪು ಗೆರೆ ಇದೆ. ಪಿಂಗಾಣಿ ಬೇಸಿನ್ ಇವತ್ತು ಒಡೆದರೆ ಬಿರುಕಿನ ಒಳಗೆ ಬೆಳ್ಳಗಿರುತ್ತದೆ. ಸೋಪಿನ ಜಿಡ್ಡು, ಕೊಳೆ ಹೊಕ್ಕು ಅಷ್ಟು ಕಪ್ಪಾಗಲು ದಿನಗಟ್ಟಲೆ ಹಿಡಿಯುತ್ತದೆ. ಕೆಳಗಡೆ ಬಿರುಕಿನ ಗುಂಟ ಹಳದಿ ನೀರಿನ ಕಲೆಯೂ ಕಾಣುತ್ತಿದೆ. ಅದು ತುಂಬ ದಿನದಿಂದ ಜಿನುಗುತ್ತಿದ್ದ ಬೇಸಿನ್. ನಾಲ್ಕು ಜನರನ್ನು ಕಟ್ಟಿಕೊಂಡು ಹೋಗಬೇಡಿ. ಒಬ್ಬರೇ, ಬೆಳಗಿನ ಹೊತ್ತು ಹೋಗಿ. ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಮನೆಯ ಯಜಮಾನರನ್ನು ಬೇಸಿನ್ ಹತ್ತಿರ ಕರೆದು, ಬೆಳಕು ಬಿಟ್ಟು ಆ ಕಪ್ಪು ಗೆರೆಯನ್ನೂ ಹಳದಿ ಕಲೆಯನ್ನೂ ತೋರಿಸಿ. ಆಮೇಲೆ ನಿಮ್ಮ 4,500 ಕೇಳಿ. ಕೊಡದಿದ್ದರೆ ನನಗೆ ಇನ್ನೊಮ್ಮೆ ಬರೆಯಿರಿ.